ಸಂದರ್ಶನಕ್ಕೆ ಮುನ್ನ: ಕಡತ, ಕಾನೂನು, ಕನ್ನಡ

ಕೇರಳ ಲೋಕಸೇವಾ ಆಯೋಗದ ಶಾರ್ಟ್ ಲಿಸ್ಟಿನಲ್ಲಿ ಮಗಳ ನೋಂದಣಿ ಸಂಖ್ಯೆ ಕಾಣಿಸಿಕೊಂಡ ದಿನ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಹರ್ಷದ ಬೆನ್ನಿಗೇ ಒಂದು ಅಳುಕೂ ಮೂಡುತ್ತದೆ. ಲಿಖಿತ ಪರೀಕ್ಷೆಯನ್ನು ಓದಿ ದಾಟಿದ್ದಾಯಿತು, ಮುಂದಿರುವುದು ಸಂದರ್ಶನ. 'ಅಲ್ಲಿ ನಮ್ಮವರು ಯಾರಿದ್ದಾರೆ?' ಎಂದು ಅಜ್ಜ ಕೇಳುತ್ತಾರೆ. 'ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದರೆ ಇವಳೇನು ಮಾಡಿಯಾಳು?' ಎಂದು ತಾಯಿ ಚಿಂತಿಸುತ್ತಾಳೆ. ಈ ಎರಡು ಭಯಗಳಲ್ಲಿ ದಿನಗಳು ಸರಿದುಹೋಗಿ, ನಿಜವಾಗಿ ಆಗಬೇಕಾದ ಸಿದ್ಧತೆ ಕೊನೆಯ ವಾರಕ್ಕೆ ಬೀಳುತ್ತದೆ. ಮಾತಿನಲ್ಲಿ ಸೋತವರಿಗಿಂತ ಕಾಗದದಲ್ಲಿ ಸೋತವರ ಗೋಳು ನ್ಯಾಯಾಲಯಗಳಿಗೆ ಹೆಚ್ಚು ಪರಿಚಿತ.

ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಯ ಸಂದರ್ಶನವು ಒಬ್ಬ ಉದ್ಯೋಗಾರ್ಥಿಯ ಖಾಸಗಿ ವಿಚಾರವಾಗಿ ಉಳಿಯುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರ್ಪಡೆಯಾದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಸೌಕರ್ಯವೆಂದರೆ ಗೋಡೆ, ಬೆಂಚುಗಳಷ್ಟೇ ಅಲ್ಲ. ಮಗು ಕೇಳಿದ್ದು ಅರ್ಥವಾಗುವ ಅಧ್ಯಾಪಕಿಯೂ ಹೌದು. ಕನ್ನಡ ಅರಿಯದವರು ಕನ್ನಡ ಮಾಧ್ಯಮ ತರಗತಿಗೆ ನೇಮಕಗೊಂಡಾಗ ಈ ಜಿಲ್ಲೆಯ ರಕ್ಷಕರು ಪ್ರತಿಭಟನೆಗೆ ಕುಳಿತದ್ದುಂಟು, ನ್ಯಾಯಾಲಯದ ಮೆಟ್ಟಲು ಹತ್ತಿದ್ದೂ ಉಂಟು. ಆ ಹೋರಾಟ ಅಗತ್ಯವೇ. ಆದರೆ ಅರ್ಹ ಕನ್ನಡ ಉದ್ಯೋಗಾರ್ಥಿಯೊಬ್ಬಳು ಒಂದು ಪ್ರಮಾಣಪತ್ರದ ಕೊರತೆಯಿಂದ ಪಟ್ಟಿಯಿಂದ ಹೊರಬಿದ್ದರೆ ಆ ಸ್ಥಾನಕ್ಕೆ ಯಾರು ಬರುತ್ತಾರೆಂಬುದೂ ಅದೇ ಹೋರಾಟದ ಭಾಗವೆಂದು ತಿಳಿಯಬೇಕು.

ಮೊದಲು ಅಜ್ಜನ ಪ್ರಶ್ನೆ. ವಶೀಲಿಯಿಲ್ಲದೆ ಕೆಲಸವಾಗದು ಎಂಬ ನಂಬಿಕೆ ಎಷ್ಟು ಹಳೆಯದೋ, ಅದನ್ನು ಕಟ್ಟಿಹಾಕುವ ಕಾನೂನಿನ ಪ್ರಯತ್ನವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಹರಿಯಾಣದ ನಾಗರಿಕ ಸೇವೆಯ ಆಯ್ಕೆಯಲ್ಲಿ ಸಾಮಾನ್ಯ ಅಭ್ಯರ್ಥಿಗಳಿಗೆ ಒಟ್ಟು ಅಂಕಗಳ ಶೇ. 22.2ರಷ್ಟನ್ನು ಸಂದರ್ಶನಕ್ಕೆ ಮೀಸಲಿಟ್ಟದ್ದು ಅತಿಯಾಯಿತೆಂದು ಸುಪ್ರೀಂ ಕೋರ್ಟ್ 1985ರಲ್ಲಿ, ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ತೀರ್ಪಿತ್ತಿತು, ಶೇ. 12.2ನ್ನು ಮೀರಬಾರದೆಂದು ಸೂಚಿಸಿತು. ಆಯೋಗದ ಸದಸ್ಯರ ಬಂಧುವೇ ಅಭ್ಯರ್ಥಿಯಾಗಿ ಬಂದಾಗ ಆ ಸದಸ್ಯರು ಆ ಸಂದರ್ಶನದಿಂದ ದೂರ ಸರಿಯಬೇಕೆಂದೂ ಅಲ್ಲಿಯೇ ಹೇಳಲಾಗಿದೆ. ಇನ್ನೊಂದು ತೀರ್ಪು ಕೇರಳದ್ದೇ. ಕೇರಳ ಲೋಕಸೇವಾ ಆಯೋಗವು ಕಕ್ಷಿಯಾಗಿದ್ದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಯು ತನ್ನ ಉತ್ತರಪತ್ರಿಕೆಯನ್ನೂ ಸಂದರ್ಶನದ ಅಂಕಗಳನ್ನೂ ಮಾಹಿತಿ ಹಕ್ಕಿನಡಿ ಪಡೆಯಬಹುದೆಂದು ಎತ್ತಿಹಿಡಿಯಿತು. ಪರೀಕ್ಷಕರ ಹೆಸರನ್ನು ಮಾತ್ರ ಹೊರಗೆಡಹಬೇಕಾಗಿಲ್ಲ. ಅಂಕ ಹೊರಬೀಳುತ್ತದೆಂದು ತಿಳಿದವರು ಅಂಕ ಹಾಕುವಾಗ ಎಚ್ಚರವಾಗಿರುತ್ತಾರೆ. ವಶೀಲಿ ಎಲ್ಲಿಯೂ ನಡೆಯುವುದಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಆದರೂ ಅದನ್ನು ಹುಡುಕುತ್ತಾ ಯಾರದೋ ಮನೆಯ ಜಗಲಿಯಲ್ಲಿ ಕಾದು ಕೂರುವ ಹೊತ್ತು ಶುದ್ಧ ನಷ್ಟ. ಅಲ್ಲಿ ಕೈಬದಲಾಯಿಸಿದ ಹಣವಂತೂ ಅಪರಾಧವೇ.

ಇನ್ನು ಕಡತ. ಗಡಿನಾಡಿನವರ ಹೆಸರುಗಳಿಗೆ ಬೇರೆ ಕಡೆಯವರ ಹೆಸರುಗಳಿಗಿಲ್ಲದ ಒಂದು ಕಷ್ಟವಿದೆ. ಕನ್ನಡ ಶಾಲೆಯ ದಾಖಲೆಯಲ್ಲಿ 'ಕೃಷ್ಣ'ನಾಗಿದ್ದ ತಂದೆ ಪಡಿತರ ಚೀಟಿಯಲ್ಲಿ 'ಕೃಷ್ಣನ್' ಆಗುತ್ತಾನೆ. 'ನಾರಾಯಣ'ನ ಬಾಲಕ್ಕೂ ಒಂದು 'ನ್' ಅಂಟಿಕೊಳ್ಳುತ್ತದೆ. ಮನೆಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ; ಇನಿಶಿಯಲ್ ಒಂದರಲ್ಲಿ ಒಂದು, ಮತ್ತೊಂದರಲ್ಲಿ ಎರಡು. ಕನ್ನಡದಿಂದ ಮಲಯಾಳಕ್ಕೆ, ಮಲಯಾಳದಿಂದ ಇಂಗ್ಲಿಷಿಗೆ ದಾಟುವಷ್ಟರಲ್ಲಿ ಒಬ್ಬನೇ ಮನುಷ್ಯ ಮೂವರಾಗಿರುತ್ತಾನೆ. ಮನೆಯಲ್ಲಿ ಇದು ನಗೆಯ ವಸ್ತು. ಪ್ರಮಾಣಪತ್ರ ಪರಿಶೀಲನೆಯ ಮೇಜಿನ ಮುಂದೆ ನಗು ಬಾರದು. ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಪದವಿಪತ್ರ, ಆಯೋಗದ 'ತುಳಸಿ' ಜಾಲತಾಣದ ಒಮ್ಮೆಯ ನೋಂದಣಿ ಇವುಗಳನ್ನು ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸುವ ಕೆಲಸ ಹತ್ತನೇ ತರಗತಿ ಮುಗಿಯುವಾಗಲೇ ಆಗಬೇಕು. ಸಣ್ಣ ವ್ಯತ್ಯಾಸವಿದ್ದಲ್ಲಿ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಗ್ರಾಮಾಧಿಕಾರಿಯಿಂದ ಪಡೆಯಬಹುದು. ಹೆಸರನ್ನೇ ಬದಲಿಸಿದ್ದರೆ ಗೆಜೆಟ್ ಪ್ರಕಟಣೆ ಬೇಕು. ಇವು ಒಂದು ವಾರದಲ್ಲಿ ಮುಗಿಯುವ ಕೆಲಸಗಳಲ್ಲ.

ಗಡಿಯ ಇನ್ನೊಂದು ತೊಡಕು ಓದಿನದು. ಮಂಜೇಶ್ವರ, ಪೈವಳಿಕೆ, ಪೆರ್ಲದ ಮಕ್ಕಳು ಪದವಿಗೂ ಬಿಎಡ್‌ಗೂ ಮಂಗಳೂರು, ಪುತ್ತೂರುಗಳ ಕಡೆ ಹೋಗುವುದು ಸಹಜ. ಬಸ್ಸು ಹತ್ತಿರ, ಭಾಷೆ ಹತ್ತಿರ. ಆದರೆ ಹೊರರಾಜ್ಯದ ವಿಶ್ವವಿದ್ಯಾನಿಲಯದ ಪದವಿಗೆ ಅಧಿಸೂಚನೆಯು ತುಲ್ಯತಾ ಪ್ರಮಾಣಪತ್ರ ಕೇಳಿದ್ದರೆ ಅದಿಲ್ಲದ ಪದವಿ ಆ ಮೇಜಿನ ಮೇಲೆ ಕಾಗದವಷ್ಟೇ. ಕೇಳಿದ ಅರ್ಹತೆಗಳು ಯಾವ ದಿನಕ್ಕೆ ಕೈಯಲ್ಲಿರಬೇಕೆಂಬುದರಲ್ಲಿಯೂ ತಪ್ಪು ತಿಳಿವಳಿಕೆ ಬಹಳ. 'ಸಂದರ್ಶನದ ಹೊತ್ತಿಗೆ ಫಲಿತಾಂಶ ಬಂದಿರುತ್ತದೆ' ಎಂದು ನಂಬಿ ಅರ್ಜಿ ಹಾಕುವವರಿದ್ದಾರೆ. ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ: ಅರ್ಹತೆಯನ್ನು ಅಳೆಯುವುದು ಅರ್ಜಿಯ ಕೊನೆಯ ದಿನಾಂಕಕ್ಕೆ, ಸಂದರ್ಶನದ ದಿನಾಂಕಕ್ಕಲ್ಲ.

ಮೀಸಲಾತಿಯ ವಿಚಾರದಲ್ಲಿ ಗಡಿ ಇನ್ನೂ ಕಠಿಣ. ಸುಳ್ಯ, ಬಂಟ್ವಾಳದ ಕಡೆಯಿಂದ ಮದುವೆಯಾಗಿ ಬದಿಯಡ್ಕ, ಮುಳ್ಳೇರಿಯಕ್ಕೆ ಬಂದ ಸೊಸೆಯಂದಿರು ಅನೇಕರು. ಒಂದು ರಾಜ್ಯದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರು ಇನ್ನೊಂದು ರಾಜ್ಯಕ್ಕೆ ಬಂದಾಗ ಆ ಸ್ಥಾನ ತಾನಾಗಿ ಜತೆಗೆ ಬರುವುದಿಲ್ಲವೆಂದು 1990ರ ಮರ್ರಿ ಚಂದ್ರಶೇಖರ ರಾವ್ ತೀರ್ಪೂ 2018ರ ಬೀರ್ ಸಿಂಗ್ ತೀರ್ಪೂ ಹೇಳಿವೆ. ಎರಡು ಊರುಗಳ ನಡುವೆ ಅರ್ಧ ಗಂಟೆಯ ಹಾದಿಯಿದ್ದರೂ ಸರಿಯೇ. ಇದು ನ್ಯಾಯವೇ ಎಂದು ವಾದಿಸಬಹುದು, ವಾದಿಸಲೂಬೇಕು. ಆದರೆ ತನಗೆ ಯಾವ ಸಾಲಿನಲ್ಲಿ ಸ್ಥಾನವಿದೆಯೆಂದು ಅರ್ಜಿ ತುಂಬುವ ಮೊದಲೇ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿಕೊಂಡವಳು ಸಂದರ್ಶನದ ಮುಂಜಾನೆ ಬೆಚ್ಚಿಬೀಳುವುದಿಲ್ಲ. ಕೇರಳದ ನೇಮಕಾತಿಯಲ್ಲಿ 20 ಹುದ್ದೆಗಳನ್ನು ಒಂದು ಘಟಕವಾಗಿ ಎಣಿಸಿ ಮುಕ್ತ ಸ್ಥಾನಗಳನ್ನೂ ಮೀಸಲು ಸ್ಥಾನಗಳನ್ನೂ ಸರದಿಯಂತೆ ತುಂಬುತ್ತಾರೆ. ಹಿಂದುಳಿದ ವರ್ಗದವರಿಗೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಸಿಂಧುವಾಗಿರದಿದ್ದರೆ ಆ ಸರದಿ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ.

ತಾಯಿಯ ಪ್ರಶ್ನೆಗೆ ಈಗ ಬರಬಹುದು. ಕನ್ನಡ ಮಾಧ್ಯಮದ ಹುದ್ದೆಗೆ ಹೋದವಳ ಮುಖ್ಯ ಬಂಡವಾಳ ಕನ್ನಡವೇ. ಅವಳ ಅಳುಕು ಇಂಗ್ಲಿಷಿನದೆಂದು ಹೊರಗೆ ತೋರಿದರೂ ಒಳಗೆ ಅದು ಕನ್ನಡದ್ದೇ ಆಗಿರುವುದುಂಟು. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಕೊಂಕಣಿ ಅಥವಾ ಬ್ಯಾರಿ, ಪೇಟೆಯಲ್ಲಿ ಮಲಯಾಳ, ಶಿಷ್ಟ ಕನ್ನಡವೆಂದರೆ ಬರೆಯಲಿಕ್ಕೆ ಮಾತ್ರ. ಹದಿನೈದು ವರ್ಷ ಕನ್ನಡದಲ್ಲಿ ಓದಿಯೂ ಹತ್ತು ನಿಮಿಷ ನಿರರ್ಗಳವಾಗಿ ಕನ್ನಡದಲ್ಲಿ ಮಾತನಾಡುವ ಸಂದರ್ಭವೇ ಒದಗಿರುವುದಿಲ್ಲ. ಆದ್ದರಿಂದ ಸಿದ್ಧತೆಯೆಂದರೆ ಪ್ರಶ್ನೋತ್ತರದ ಪುಸ್ತಕ ಉರುಹೊಡೆಯುವುದಕ್ಕಿಂತ ಬಾಯಿಬಿಟ್ಟು ಮಾತನಾಡುವುದು. ಪ್ರತಿ ಊರಿನಲ್ಲಿಯೂ ನಿವೃತ್ತ ಕನ್ನಡ ಅಧ್ಯಾಪಕರಿದ್ದಾರೆ. ಅವರಲ್ಲಿ ಇಬ್ಬರನ್ನು ಕೂರಿಸಿ ವಾರಕ್ಕೆರಡು ಸಂಜೆ ಅರ್ಧ ಗಂಟೆ ಪ್ರಶ್ನೆ ಕೇಳಿಸಿಕೊಂಡರೆ, ಹಣ ತೆತ್ತು ಸೇರುವ ತರಬೇತಿಗಿಂತ ಹೆಚ್ಚಿನ ಫಲವಿದೆ. ಹಳೆ ವಿದ್ಯಾರ್ಥಿ ಸಂಘಗಳು ಇದನ್ನು ಶಾಲೆಯ ಕೋಣೆಯಲ್ಲಿಯೇ ಏರ್ಪಡಿಸಬಹುದು.

ಯಾವ ಪ್ರಶ್ನೆ ಬಂದೀತೆಂದು ಊಹಿಸುವುದಕ್ಕಿಂತ ತಾನು ಕಂಡದ್ದನ್ನು ಹೇಳಲು ಕಲಿಯುವುದು ಲೇಸು. ತುಳು ಮನೆಮಾತಿನ ಮಗು 'ಧನ'ವನ್ನು 'ದನ' ಎಂದಾಗ ತರಗತಿ ನಗದಂತೆ ಹೇಗೆ ತಿದ್ದುವುದು? ಒಂದೇ ಬೆಂಚಿನಲ್ಲಿ ಮೂರು ಮನೆಮಾತಿನ ಮಕ್ಕಳಿದ್ದಾಗ ಲೆಕ್ಕದ ಪದಗಳನ್ನು ಹೇಗೆ ವಿವರಿಸುವುದು? ಬೋಧನಾಭ್ಯಾಸದಲ್ಲಿ ಇದನ್ನು ನಿಜವಾಗಿ ಎದುರಿಸಿದವಳಿಗೆ ಉತ್ತರ ಹುಡುಕಬೇಕಾಗಿಲ್ಲ. ಎದುರಿಸದವಳ ಉತ್ತರದಲ್ಲಿ ಶಿಕ್ಷಣಶಾಸ್ತ್ರದ ಶಬ್ದಗಳಷ್ಟೇ ಇರುತ್ತವೆ. ಊರಿನ ಕುರಿತೂ ಅಷ್ಟೇ. ಮಂಜೇಶ್ವರದಿಂದ ಹೋದವಳು, 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಗೌರವ ಪಡೆದ ಗೋವಿಂದ ಪೈಗಳ ಬಗ್ಗೆ ಎರಡು ಮಾತು ಹೇಳಲಾರದೆ ತಡವರಿಸಿದರೆ, ಬದಿಯಡ್ಕದವಳಿಗೆ ಅಧ್ಯಾಪಕರೂ ಕವಿಯೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳ ಪರಿಚಯವಿಲ್ಲದಿದ್ದರೆ, ಕೇಳಿದವರಿಗೆ ಬೇಸರವಾಗುವುದು ಸಹಜ. ಮಲಯಾಳವನ್ನೂ ಕಡೆಗಣಿಸುವಂತಿಲ್ಲ. ಸುತ್ತೋಲೆ, ಸಭೆ, ಮೇಲಧಿಕಾರಿಗಳ ಮಾತು ಎಲ್ಲವೂ ಆ ಭಾಷೆಯಲ್ಲಿ. ಅದನ್ನು ಓದಿ ತಿಳಿಯಬಲ್ಲೆನೆನ್ನುವ ಕನ್ನಡ ಅಧ್ಯಾಪಕಿ ಕನ್ನಡ ಶಾಲೆಗೆ ಹೆಚ್ಚು ಉಪಕಾರಿ. ಗೊತ್ತಿಲ್ಲದ್ದನ್ನು 'ತಿಳಿಯದು' ಎಂದು ನೇರವಾಗಿ ಹೇಳಿದರೆ ಹೋಗುವುದು ಒಂದು ಉತ್ತರ ಮಾತ್ರ.

ಕೇಂದ್ರ ಸರಕಾರದ ಕೆಲಸಕ್ಕೆ ಯತ್ನಿಸುವವರಿಗೂ ಒಂದು ಮಾತು. ಗ್ರೂಪ್ ಸಿ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ರೈಲ್ವೆಯ ಕೆಳದರ್ಜೆಯ ಕೆಲಸಕ್ಕೆ 'ಸಂದರ್ಶನ ಮಾಡಿಸಿಕೊಡುತ್ತೇವೆ' ಎಂದು ಫೋನ್ ಮಾಡಿ ಹಣ ಕೇಳುವವರು ಇಲ್ಲದ ಸರಕನ್ನು ಮಾರುತ್ತಿದ್ದಾರೆ. ಐಎಎಸ್ ಕನಸಿನವರಿಗೆ ಸಂದರ್ಶನ ಉಳಿದಿದೆ, 2025ರಲ್ಲಿ 275 ಅಂಕ, ಎಂದರೆ 2,025 ಅಂಕಗಳ ಒಟ್ಟು ಮೊತ್ತದಲ್ಲಿ ಅಷ್ಟು ಪಾಲು; ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ದೆಹಲಿಯ ಆ ಕೋಣೆಯಲ್ಲಿಯೂ ದುಭಾಷಿಯ ನೆರವಿನಿಂದ ಕನ್ನಡದಲ್ಲಿಯೇ ಉತ್ತರಿಸಬಹುದು.

ಉಳಿದದ್ದು ಪ್ರಯಾಣ. ಸಂದರ್ಶನದ ಸ್ಥಳ ಕಾಸರಗೋಡಾದರೆ ಸುಲಭ. ತಿರುವನಂತಪುರದ ಪಟ್ಟಂನಲ್ಲಿರುವ ಕೇಂದ್ರ ಕಚೇರಿಯಾದರೆ ಮಲಬಾರ್ ಅಥವಾ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಇಡೀ ರಾತ್ರಿಯ ಹಾದಿ. ಮಳೆಗಾಲದಲ್ಲಿ ಗಾಡಿ ತಡವಾದರೆ ಕೇಳುವವರಿಲ್ಲ, ಒಂದು ದಿನ ಮೊದಲೇ ತಲುಪುವುದು ಒಳಿತು. ಜತೆಗೆ ತಂದೆಯೋ ಅಣ್ಣನೋ ಹೋಗುವುದಿದ್ದರೆ ದಾರಿಯುದ್ದಕ್ಕೂ ಪ್ರಶ್ನೆ ಕೇಳದಿರಲಿ, ಅವಳು ನಿದ್ರಿಸಲಿ. ಮೂಲ ಪ್ರಮಾಣಪತ್ರಗಳೂ ಅವುಗಳ ಪ್ರತಿಗಳೂ ನೀರು ತಾಗದ ಲಕೋಟೆಯಲ್ಲಿ, ಕೈಚೀಲದಲ್ಲಿಯೇ ಇರಬೇಕು, ಸೀಟಿನಡಿಯ ಪೆಟ್ಟಿಗೆಯಲ್ಲಲ್ಲ.