ಗಿಟಾರ್ ಇಲ್ಲದ ಬ್ಯಾಂಡು, ಕೆಲಸ ಕಳೆದುಕೊಂಡ ಇಬ್ಬರು

2014ರ ಜೂನ್ 12ರಂದು ಅಮೆರಿಕದ ಡಬ್ಲ್ಯುಡಬ್ಲ್ಯುಇ ಎಂಬ ಕುಸ್ತಿ ಕಂಪನಿ ಸುಮಾರು ಹತ್ತು ಮಂದಿಯನ್ನು ಒಂದೇ ದಿನ ಮನೆಗೆ ಕಳಿಸಿತು. ಹೀಗೆ ಕಳಿಸಿದಾಗ ಅದರ ವೆಬ್‌ಸೈಟಿನಲ್ಲಿ ಬರುತ್ತಿದ್ದ ಪ್ರಕಟಣೆ ಎರಡೇ ಸಾಲಿನದು. ಇಂಥವರ ಬಿಡುಗಡೆಗೆ ಒಪ್ಪಿದ್ದೇವೆ, ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ. ಹೆಸರಿನ ಜಾಗ ಬದಲಾದರೆ ಸಾಕು, ಉಳಿದದ್ದೆಲ್ಲ ಅದೇ ಅಚ್ಚು. ಮದುವೆಯ ಲಗ್ನಪತ್ರಿಕೆಗೂ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ.

ಆ ಪಟ್ಟಿಯಲ್ಲಿ ಎರಡು ಹೆಸರುಗಳು ಒಂದೇ ತಂಡದವು. ಸ್ಕಾಟ್ಲೆಂಡಿನ ಡ್ರೂ ಮ್ಯಾಕಿಂಟೈರ್, ಕೆನಡಾದ ಪಂಜಾಬಿ ಜಿಂದರ್ ಮಹಲ್. ಇವರಿಬ್ಬರೂ ಹೀತ್ ಸ್ಲೇಟರ್ ಎಂಬ ಕೆಂಗೂದಲಿನವನ ಜೊತೆ ಸೇರಿ 'ತ್ರೀ ಮ್ಯಾನ್ ಬ್ಯಾಂಡ್' ಎಂದು ಕರೆದುಕೊಂಡು ರಿಂಗಿಗೆ ಬರುತ್ತಿದ್ದರು. ಬ್ಯಾಂಡು ಅಂತ ಹೆಸರು, ಕೈಯಲ್ಲಿ ಗಿಟಾರೇ ಇಲ್ಲ. ಗಾಳಿಯಲ್ಲೇ ತಂತಿ ಮೀಟುತ್ತಾ, ಕೂದಲು ಹಾರಿಸುತ್ತಾ ಬರುವುದು, ಸೋತು ಹೋಗುವುದು. ಕೆಲಸ ಹೋಗುವುದಕ್ಕೆ ಐದಾರು ವಾರ ಮೊದಲು ಅವರಿಗೆ ಸಿಕ್ಕ ದೊಡ್ಡ ಪಾತ್ರವೆಂದರೆ ಹಾರ್ನ್‌ಸ್ವಾಗಲ್ ಮತ್ತು ಗೂಳಿ ವೇಷದ ಎಲ್ ಟೊರಿಟೊ ಎಂಬ ಇಬ್ಬರು ಕುಳ್ಳರ ಜಗಳದಲ್ಲಿ ರಿಂಗಿನ ಪಕ್ಕ ನಿಂತು ಏಟು ತಿನ್ನುವುದು. ಅದೂ ಮುಖ್ಯ ಕಾರ್ಯಕ್ರಮದಲ್ಲಲ್ಲ, ಜನ ಇನ್ನೂ ಸೀಟು ಹುಡುಕುತ್ತಿರುವಾಗ ನಡೆಯುವ ಆಟದಲ್ಲಿ.

ಸ್ಲೇಟರ್ ಕೆಲಸ ಉಳಿಯಿತು, ಇಬ್ಬರದು ಹೋಯಿತು. ಮುಂದಿನ ಆರು ವರ್ಷಗಳಲ್ಲಿ ಆ ಕಂಪನಿಯ ಅತಿ ದೊಡ್ಡ ಬೆಲ್ಟು ಸೊಂಟಕ್ಕೇರಿದ್ದು ಹೊರಗೆ ಹೋದ ಇಬ್ಬರಿಗೆ. ಒಳಗೆ ಉಳಿದವನಿಗೆ ಅದು ಕೊನೆಗೂ ಸಿಗಲಿಲ್ಲ. ಅವನನ್ನೂ 2020ರಲ್ಲಿ ಅದೇ ರೀತಿ ಕಳಿಸಿದರು.

ನಮ್ಮ ಕಾಲದ ಹುಡುಗರಿಗೆ ಈ ಲೋಕ ಪರಿಚಯವಾದದ್ದು ಕೇಬಲ್ ಟೀವಿಯಿಂದ ಎಷ್ಟೋ, ಟ್ರಂಪ್ ಕಾರ್ಡಿನಿಂದಲೂ ಅಷ್ಟೇ. ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸು, ಆಡಿದ ಪಂದ್ಯ, ಗೆದ್ದ ಪಂದ್ಯ. ಎದುರಿನವನ ಕಾರ್ಡು ಕಿತ್ತುಕೊಳ್ಳಲು ಇಷ್ಟು ಸಾಕಿತ್ತು. ಟೀವಿಯಿಂದ ಮಾಯವಾದವನೂ ಕಾರ್ಡಿನ ಕಟ್ಟಿನಲ್ಲಿ ವರ್ಷಗಟ್ಟಲೆ ರ‍್ಯಾಂಕು ಉಳಿಸಿಕೊಂಡೇ ಇರುತ್ತಿದ್ದ. ಅವನೆಲ್ಲಿ ಹೋದ, ಏನು ತಿನ್ನುತ್ತಾನೆ ಎಂಬುದು ಯಾರ ತಲೆಗೂ ಹೊಳೆಯುತ್ತಿರಲಿಲ್ಲ. 'ಅದೆಲ್ಲ ಸುಳ್ಳು ಕಣೋ, ಮೊದಲೇ ಮಾತಾಡಿಕೊಂಡಿರ್ತಾರೆ' ಎಂದು ಹೇಳುವ ಮಾವ ಪ್ರತಿ ಮನೆಯಲ್ಲೂ ಇದ್ದರು. ಅವರ ಮಾತು ನಿಜ. ಗೆಲುವು ಸೋಲು ಬರೆದಿಟ್ಟದ್ದೇ. ಆದರೆ ಕೆಲಸ ಹೋಗುವುದು ಮಾತ್ರ ಅಪ್ಪಟ ಸತ್ಯ.

ಈ ಬಿಡುಗಡೆ ಇಷ್ಟು ಭಯಂಕರ ಆದದ್ದು ಹೇಗೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1980ರ ದಶಕದ ಮೊದಲ ವರ್ಷಗಳವರೆಗೆ ಅಮೆರಿಕ, ಕೆನಡಾಗಳಲ್ಲಿ ಕುಸ್ತಿ ಸೀಮೆಸೀಮೆಗೆ ಹಂಚಿಹೋಗಿತ್ತು. ನ್ಯೂಯಾರ್ಕಿಗೆ ಒಬ್ಬ ಧಣಿ, ಮೆಂಫಿಸ್‌ಗೆ ಒಬ್ಬ, ಕ್ಯಾಲ್ಗರಿಗೆ ಸ್ಟು ಹಾರ್ಟ್ ಎಂಬ ಇನ್ನೊಬ್ಬ. ಒಂದೂರಿನ ಜನಕ್ಕೆ ಒಬ್ಬನ ಮುಖ ನೋಡಿ ಬೇಸರ ಬಂತೆನ್ನಿ, 'ಸೋತವನು ಊರು ಬಿಡಬೇಕು' ಎಂದು ಒಂದು ಪಂದ್ಯ ಸಾರುತ್ತಿದ್ದರು. ಸೋಲುವವನು ಯಾರು ಎಂಬುದು ಮೊದಲೇ ಗೊತ್ತು. ಅವನ ಪೆಟ್ಟಿಗೆ ಆಗಲೇ ಕಾರಿನ ಡಿಕ್ಕಿಯಲ್ಲಿರುತ್ತಿತ್ತು. ಮರುವಾರ ಪಕ್ಕದ ಸೀಮೆಯಲ್ಲಿ ಹೊಸ ವೇಷ, ಹೊಸ ವೈರಿ. ಕೆಲಸದಿಂದ ತೆಗೆಯುವುದನ್ನೇ ಟಿಕೆಟ್ ಇಟ್ಟು ಮಾರುತ್ತಿದ್ದರು, ಬಿಟ್ಟುಹೋಗುವವನಿಗೂ ಅದರಲ್ಲಿ ಪಾಲು.

ಜಿಂದರನ ಮಾವ ಗಾಮಾ ಸಿಂಗ್ ಬದುಕಿದ್ದು ಈ ಲೋಕದಲ್ಲಿ. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದವನು, ಕ್ಯಾಲ್ಗರಿಯ ಸ್ಟ್ಯಾಂಪೀಡ್ ಕುಸ್ತಿಯಲ್ಲಿ ಜನ ಹಲ್ಲು ಕಡಿಯುವ ಖಳ. 1980ರ ದಶಕದ ಕೊನೆಗೆ ಅವನು ಕಟ್ಟಿದ ದುಷ್ಟಕೂಟದ ಹೆಸರು 'ಕರಾಚಿ ವೈಸ್'. ಪಂಜಾಬಿನ ಸಿಂಗನನ್ನು ಕರಾಚಿಗೆ ಸೇರಿಸಿಬಿಟ್ಟರೂ ಕೆನಡಾದ ಪ್ರೇಕ್ಷಕರಲ್ಲಿ ಯಾರೂ ತಕರಾರು ಎತ್ತಿದಂತಿಲ್ಲ. ಒಂದು ಊರು ಸಾಕೆನಿಸಿದರೆ ಇನ್ನೊಂದು ದೇಶ. ಕ್ಯಾಲ್ಗರಿ ಇಲ್ಲದಿದ್ದರೆ ಪೋರ್ಟೊ ರಿಕೊ, ಜಪಾನ್, ದಕ್ಷಿಣ ಆಫ್ರಿಕಾ.

ವಿನ್ಸ್ ಮ್ಯಾಕ್‌ಮಹೊನ್ ತಂದೆಯಿಂದ ನ್ಯೂಯಾರ್ಕಿನ ಕಂಪನಿ (ಇಂದಿನ ಡಬ್ಲ್ಯುಡಬ್ಲ್ಯುಇ) ಕೊಂಡು, ಸೀಮೆಗಳ ಬೇಲಿ ಮುರಿದು, ಕೇಬಲ್ ಟೀವಿ ಹಿಡಿದುಕೊಂಡು ಇಡೀ ಖಂಡಕ್ಕೆ ಒಬ್ಬನೇ ಧಣಿಯಾಗಲು ಹೊರಟ. ಸಣ್ಣವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. ಕೊನೆಗೆ ಉಳಿದ ದೊಡ್ಡ ಎದುರಾಳಿ ಡಬ್ಲ್ಯುಸಿಡಬ್ಲ್ಯುವನ್ನೂ 2001ರ ಮಾರ್ಚ್‌ನಲ್ಲಿ ಅವನೇ ಕೊಂಡ. ಆ ದಿನ ಸ್ಪರ್ಧೆ ಮುಗಿಯಿತು ಎಂದು ಎಲ್ಲರೂ ಬರೆದರು. ಕುಸ್ತಿಯವರ ಮಟ್ಟಿಗೆ ಮುಗಿದದ್ದು ಪಕ್ಕದ ಊರು. ಇಲ್ಲಿಂದ ತೆಗೆದರೆ ಮುಂದೆ ಹತ್ತಬೇಕಾದ ಬಸ್ಸೇ ಇಲ್ಲದಂತಾಯಿತು.

ಕಾಗದದಲ್ಲೂ ಕುಸ್ತಿಯವರ ಸ್ಥಿತಿ ವಿಚಿತ್ರ. ಕಂಪನಿ ಹೇಳಿದ ಊರಿಗೆ ಹೋಗಬೇಕು, ಕಂಪನಿ ಕೊಟ್ಟ ಹೆಸರಿನಲ್ಲಿ ಆಡಬೇಕು, ಬೇರೆಲ್ಲೂ ಆಡಕೂಡದು. ಆದರೂ ಅವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಘವೂ ಇಲ್ಲ. 1986ರಲ್ಲಿ ಜೆಸ್ಸಿ ವೆಂಚುರಾ ಸಂಘ ಕಟ್ಟೋಣ ಎಂದು ಡ್ರೆಸ್ಸಿಂಗ್ ರೂಮಿನಲ್ಲಿ ಮಾತು ತೆಗೆದಿದ್ದ. ಸುದ್ದಿ ಧಣಿಯ ಕಿವಿಗೆ ಬಿತ್ತು. ಹೇಳಿದವನು ಹಲ್ಕ್ ಹೋಗನ್ ಎಂಬುದು ವೆಂಚುರಾಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ರಾಯಲ್ಟಿ ಹಣಕ್ಕಾಗಿ ಹೂಡಿದ್ದ ಮೊಕದ್ದಮೆಯಲ್ಲಿ ಮ್ಯಾಕ್‌ಮಹೊನ್ ಕೊಟ್ಟ ಸಾಕ್ಷ್ಯದಿಂದ. ಅದೇ ವೆಂಚುರಾ ಮುಂದೆ ಮಿನೆಸೋಟ ರಾಜ್ಯದ ಗವರ್ನರ್ ಆದ. ಕುಸ್ತಿಯವರಿಗೆ ಸಂಘ ಇವತ್ತಿಗೂ ಆಗಿಲ್ಲ.

ಬಿಟ್ಟುಹೋಗುವಾಗ ಮುಖ್ಯ ತಂಡದವರಿಗೆ ಸಾಮಾನ್ಯವಾಗಿ ತೊಂಬತ್ತು ದಿನದ ಸಂಬಳ ಬರುತ್ತದೆ. ಅಷ್ಟೂ ದಿನ ಎದುರಾಳಿಯ ಟೀವಿಯಲ್ಲಿ ಮುಖ ತೋರಿಸುವಂತಿಲ್ಲ. ಹೆಸರನ್ನಂತೂ ಕಳಚಿಟ್ಟೇ ಹೋಗಬೇಕು, ಅದು ಕಂಪನಿಯ ಟ್ರೇಡ್‌ಮಾರ್ಕು. ಹಾಗಾಗಿ 2014ರ ಬೇಸಿಗೆಯಲ್ಲಿ ಡ್ರೂ ಮ್ಯಾಕಿಂಟೈರ್ ಮತ್ತೆ ತನ್ನ ಮನೆತನದ ಹೆಸರಿಗೆ ಮರಳಿ ಡ್ರೂ ಗ್ಯಾಲೊವೇ ಆದ.

ಈ ಡ್ರೂನ ಕಥೆಯಲ್ಲಿ ಒಂದು ವ್ಯಂಗ್ಯ ಇದೆ. 2009ರಲ್ಲಿ ಮ್ಯಾಕ್‌ಮಹೊನ್ ಖುದ್ದಾಗಿ ಟೀವಿಯಲ್ಲಿ ಬಂದು, ಈ ಹುಡುಗ ಮುಂದೆ ವಿಶ್ವ ಚಾಂಪಿಯನ್ ಆಗುತ್ತಾನೆ ಎಂದು ಸಾರಿದ್ದ. 'ಚೋಸನ್ ಒನ್' ಎಂಬ ಬಿರುದು ಬೇರೆ. ಆಗ ಡ್ರೂಗೆ ಇಪ್ಪತ್ತನಾಲ್ಕು. ಐದು ವರ್ಷದಲ್ಲಿ ಅವನು ಗಾಳಿ ಗಿಟಾರಿಗೆ ಇಳಿದ, ಆಮೇಲೆ ಅದೂ ಇಲ್ಲ. ಕೆಲಸ ಹೋದ ಮರುತಿಂಗಳೇ ಅವನು ಗ್ಲಾಸ್ಗೋಗೆ ಹೋಗಿ ಐಸಿಡಬ್ಲ್ಯು ಎಂಬ ಸ್ಥಳೀಯ ಕುಸ್ತಿಯಲ್ಲಿ ಯಾರಿಗೂ ಹೇಳದೆ ಪ್ರತ್ಯಕ್ಷನಾದ. ಕುಡಿದು ಕೂಗುವ ಜನ, ಇಕ್ಕಟ್ಟಿನ ಸಭಾಂಗಣ, ಬೆವರು. ಅಲ್ಲಿ ಅವನು ಮೈಕು ಹಿಡಿದು ಮಾತಾಡಿದ್ದು ತನ್ನ ಊರಿನ ಇಂಗ್ಲಿಷಿನಲ್ಲಿ. ಆಗಸ್ಟ್‌ನಲ್ಲಿ ಅಮೆರಿಕದ ಇವಾಲ್ವ್ ಬೆಲ್ಟು, ನವೆಂಬರ್‌ನಲ್ಲಿ ಐಸಿಡಬ್ಲ್ಯುದು. ಆ ಬೆಲ್ಟನ್ನು ದೇಶದೇಶಕ್ಕೆ ಹೊತ್ತುಕೊಂಡು ಹೋಗಿ ಆಡಿ, ಅದಕ್ಕೆ 'ವಿಶ್ವ' ಎಂಬ ಪದ ಅಂಟಿಸಿದವನೂ ಅವನೇ. 2016ರಲ್ಲಿ ಟಿಎನ್‌ಎ ಎಂಬ ಕಂಪನಿಯ ವಿಶ್ವ ಚಾಂಪಿಯನ್. ಹಳೆಯ ಸೀಮೆಗಳು ಸತ್ತುಹೋಗಿದ್ದವು ನಿಜ, ಡ್ರೂ ವಿಮಾನ ಹತ್ತಿ ಹತ್ತಿ ತನ್ನ ಮಟ್ಟಿಗೆ ಅವನ್ನು ಮತ್ತೆ ಕಟ್ಟಿಕೊಂಡ. ಅದಕ್ಕೆ ಇಪ್ಪತ್ತೊಂಬತ್ತರ ಮೈಯೂ ಬೇಕು, ಕರೆದು ಕೂರಿಸುವ ಗ್ಲಾಸ್ಗೋನಂಥ ಊರೂ ಬೇಕು.

ಜಿಂದರನಿಗೆ ಎರಡೂ ಸರಿಯಾಗಿ ಒದಗಲಿಲ್ಲ. ಸಣ್ಣಪುಟ್ಟ ಕಡೆ ಆಡಿದ, ಮೈ ಬಂತು, ಉತ್ಸಾಹ ಹೋಯಿತು. ಆ ದಿನಗಳ ಬಗ್ಗೆ ಅವನು ಸಂದರ್ಶನಗಳಲ್ಲಿ ಮುಚ್ಚುಮರೆ ಮಾಡಿಲ್ಲ: ಕುಡಿತ ಬಿಟ್ಟು, ಊಟಕ್ಕೆ ಕಟ್ಟು ಹಾಕಿ, ಮೈ ಕಡೆಯುವುದಕ್ಕೆ ಹೊತ್ತು ಹಿಡಿಯಿತು. 2016ರ ಮಧ್ಯದಲ್ಲಿ ಕಂಪನಿ ತನ್ನ ತಂಡವನ್ನು ಎರಡು ಹೋಳು ಮಾಡಿತು. ಎರಡು ಕಾರ್ಯಕ್ರಮಕ್ಕೆ ತಲೆಗಳು ಸಾಲದೆ ಬಂದವು. ಆಗ ಅವನಿಗೆ ಕರೆ ಬಂತು.

ವಾಪಸಾದ ರಾತ್ರಿಯ ಆಟ ನೋಡಿ. 2016ರ ಆಗಸ್ಟ್ 1. ಕಥೆಯ ಪ್ರಕಾರ ಯಾವ ಹೋಳಿಗೂ ಬೇಡವಾಗಿ ಕೆಲಸಕ್ಕೆ ಅಲೆಯುತ್ತಿದ್ದವನು ಹೀತ್ ಸ್ಲೇಟರ್. ನಿಜ ಜೀವನದಲ್ಲಿ ಆ ಮೂವರಲ್ಲಿ ಕೆಲಸ ಹೋಗದ ಒಬ್ಬನೇ ಒಬ್ಬ! 'ನನಗೆ ಮಕ್ಕಳಿದ್ದಾರೆ' ಎಂದು ಅಂಗಲಾಚುವುದೇ ಅವನ ಹಾಸ್ಯ. ಒಂದು ಕೆಲಸ, ಇಬ್ಬರು ಹಳೆಯ ಬ್ಯಾಂಡಿನವರು, ಗೆದ್ದವನಿಗೆ ಕಾಂಟ್ರಾಕ್ಟು. ಗೆದ್ದದ್ದು ಜಿಂದರ್. ಜನ ನಕ್ಕರು. ಆ ಆಟ ಬರೆದವನಿಗೆ ಎಷ್ಟು ಅರ್ಥವಾಗಿತ್ತೋ ಕಾಣೆ, ಇಡೀ ವೃತ್ತಿಯ ಹೊಟ್ಟೆಪಾಡು ಅದರಲ್ಲಿತ್ತು.

ಅಲ್ಲಿಂದ ಒಂಬತ್ತು ತಿಂಗಳು ಜಿಂದರ್ ಬಹುತೇಕ ಸೋತ. 2017ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಆರು ಜನರ ಪಂದ್ಯವೊಂದನ್ನು ಗೆದ್ದು ಪಟ್ಟಕ್ಕೆ ಸವಾಲು ಹಾಕುವವನಾದ. ಮೇ 21ರಂದು ಷಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆಗಿಬಿಟ್ಟ. ಸಭಾಂಗಣದಲ್ಲಿ ಬಾಯಿಬಿಟ್ಟುಕೊಂಡು ನಿಂತವರ ಮುಖಗಳನ್ನು ಕ್ಯಾಮೆರಾ ಹುಡುಕಿ ಹುಡುಕಿ ತೋರಿಸಿತು. ಆ ಒಂದು ತಿಂಗಳಲ್ಲಿ ಅವನು ಅಷ್ಟೇನೂ ಸುಧಾರಿಸಿರಲಿಲ್ಲ. ಸುಧಾರಿಸಿದ್ದು ಭಾರತದ ಮಾರುಕಟ್ಟೆಯ ಮೇಲೆ ಕಂಪನಿಗಿದ್ದ ಆಸೆ. ಹಾಗೆಂದು ಅವನ ಬೆವರನ್ನು ಅಲ್ಲಗಳೆಯಲಾಗದು, ಆದರೆ ಬೆವರು ಸುರಿಸಿದವರು ಅವನಂತೆ ನೂರು ಜನ ಇದ್ದರು.

ನೂರ ಎಪ್ಪತ್ತು ದಿನ ಆಳಿದ. ದೊಡ್ಡ ತಾರೆ ಬ್ರಾಕ್ ಲೆಸ್ನರ್ ಜೊತೆ ಅವನ ಪಂದ್ಯ ನಿಗದಿಯಾಗಿತ್ತು. ಅದಕ್ಕೆ ಹನ್ನೆರಡು ದಿನ ಇರುವಾಗ ಮ್ಯಾಂಚೆಸ್ಟರಿನಲ್ಲಿ ಎ.ಜೆ. ಸ್ಟೈಲ್ಸ್ ಕೈಗೆ ಪಟ್ಟ ಕೊಡಿಸಿದರು. ಇನ್ನೂ ಸಂಕಟದ್ದು ಡಿಸೆಂಬರ್ 9ರ ದೆಹಲಿ. ಎರಡು ದಿನ ಎಂದಿದ್ದ ಕಾರ್ಯಕ್ರಮ ಒಂದು ದಿನಕ್ಕೆ ಇಳಿದಿತ್ತು. ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ, ಯಾರ ಹೆಸರಿನಲ್ಲಿ ಇಡೀ ವರ್ಷ ಭಾರತ ಭಾರತ ಎಂದಿದ್ದರೋ ಆ ಜಿಂದರನನ್ನು ಕಂಪನಿಯ ದೊಡ್ಡ ಅಧಿಕಾರಿಯೂ ಆಗಿದ್ದ ಟ್ರಿಪಲ್ ಎಚ್ ಸೋಲಿಸಿದ. ಆಮೇಲೆ ಇಬ್ಬರೂ ಸೇರಿ ಭಾಂಗ್ಡಾ ಕುಣಿದರು. ಅಳಿಯನನ್ನು ಮನೆಗೆ ಕರೆದು, ಎಲೆ ಹಾಕಿ, ಬಡಿಸದೆ ಎಬ್ಬಿಸಿದಂತೆ.

ಡ್ರೂ 2017ರಲ್ಲೇ ವಾಪಸಾಗಿದ್ದ. ಮೊದಲು ಕಿರಿಯರ ತಂಡವಾದ ಎನ್‌ಎಕ್ಸ್‌ಟಿಯಲ್ಲಿ, ಆಮೇಲೆ ಮೇಲಕ್ಕೆ. 2020ರಲ್ಲಿ ಕಂಪನಿಯ ದೊಡ್ಡ ವಾರ್ಷಿಕ ಹಬ್ಬ ರೆಸಲ್‌ಮೇನಿಯಾದಲ್ಲಿ ಲೆಸ್ನರನನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ ಮೊದಲ ಬ್ರಿಟಿಷನಾದ. ಹದಿನೈದನೇ ವಯಸ್ಸಿನಿಂದ ಕಾದದ್ದು ಕೈಗೆ ಬಂದಾಗ ಚಪ್ಪಾಳೆ ತಟ್ಟಲು ಒಂದು ನರಪಿಳ್ಳೆ ಇಲ್ಲ. ಕೊರೊನಾ ಕಾಲ, ಒರ್ಲಾಂಡೊದ ತರಬೇತಿ ಕೇಂದ್ರ, ಸಾಲುಸಾಲು ಖಾಲಿ ಕುರ್ಚಿ. ಅವನು ಕ್ಯಾಮೆರಾದ ಕಣ್ಣಿಗೇ ಕೈ ಚಾಚಿ ಥ್ಯಾಂಕ್ಸ್ ಹೇಳಿದ.

ಹತ್ತು ದಿನ ಕಳೆದು, ಏಪ್ರಿಲ್ 15ಕ್ಕೆ, ಕಂಪನಿ ಮತ್ತೊಂದು ಉದ್ದನೆಯ ಪಟ್ಟಿ ಹೊರಡಿಸಿತು. ಕುಸ್ತಿಯನ್ನು ಅತ್ಯಗತ್ಯ ಸೇವೆಗಳ ಸಾಲಿಗೆ ಫ್ಲಾರಿಡಾ ಸರ್ಕಾರ ಸೇರಿಸಿದ್ದು ಬಯಲಾದ ವಾರವೇ ಅದು. ಸೇವೆ ಅತ್ಯಗತ್ಯ, ಸೇವೆ ಮಾಡುವವರು ಅಲ್ಲ. ಸ್ಲೇಟರ್ ಹೆಸರು ಅದರಲ್ಲಿತ್ತು. ಜುಲೈ 6ರಂದು ಅವನನ್ನು ಒಂದು ರಾತ್ರಿಯ ಮಟ್ಟಿಗೆ ಕರೆಸಿದರು. ಚಾಂಪಿಯನ್ ಡ್ರೂನ ಎದುರು ನಿಂತು, ನೀನು ಕೆಲಸ ಕಳೆದುಕೊಂಡಾಗ ನಿನ್ನ ಜೊತೆ ನಾನಿದ್ದೆ, ನನ್ನದು ಹೋದಾಗ ನೀನೆಲ್ಲಿದ್ದೆ ಎಂಬರ್ಥದ ಮಾತು ಕೇಳಿದ. ಒಂದೇ ಒದೆತಕ್ಕೆ ಪಂದ್ಯ ಮುಗಿಯಿತು. ಆಮೇಲೆ ಇಬ್ಬರೂ ತಬ್ಬಿಕೊಂಡರು. ಅದೇ ತಿಂಗಳು ಅವನು ಇಂಪ್ಯಾಕ್ಟ್ ಎಂಬ ಸಣ್ಣ ಕಂಪನಿಗೆ ಬಂದ. 'ಸ್ಲೇಟರ್' ಹಳೆ ಮನೆಯಲ್ಲೇ ಉಳಿದು, ಬರೀ 'ಹೀತ್' ಆಗಿ.

2019ರಲ್ಲಿ ಎಇಡಬ್ಲ್ಯು ಎಂಬ ಹೊಸ ಕಂಪನಿ ಹುಟ್ಟಿದ ಮೇಲೆ ಹೊರಬಿದ್ದವರಿಗೆ ಒಂದಿಷ್ಟು ಉಸಿರು ಬಂದಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಕೋಡಿ ರೋಡ್ಸ್ 2016ರಲ್ಲಿ ತಾನಾಗಿಯೇ ಬಿಡುಗಡೆ ಕೇಳಿ ಹೊರಬಂದವನು. 2022ರಲ್ಲಿ ಅವನೂ ವಾಪಸು ಹೋದ, 2024ರ ಏಪ್ರಿಲ್‌ನಲ್ಲಿ ಚಾಂಪಿಯನ್ ಆದ. ಹೊರಗೆ ಬೆಳೆದವರ ಕೊನೆಯ ನಿಲ್ದಾಣ ಮತ್ತೆ ಅದೇ ಬಾಗಿಲು ಎಂಬುದೇ ನನಗೆ ಕಿರಿಕಿರಿ. ಗಾಮಾ ಸಿಂಗನಿಗೆ ಹಾಗೆ ಯಾರ ಬಾಗಿಲಲ್ಲೂ ಕಾಯಬೇಕಿರಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಡಬ್ಲ್ಯುಡಬ್ಲ್ಯುಇ ಆಡಿತು. ಜಾನ್ ಸೀನಾ ಬಂದಿದ್ದ. ಜಿಂದರನ 'ಇಂಡಸ್ ಶೇರ್' ತಂಡದ ಸಾಂಗಾ ಮತ್ತು ವೀರ್ ತವರಿನ ಜನರ ಮುಂದೆ ಸೋತರು. ಏಳು ತಿಂಗಳು ಕಳೆದು, 2024ರ ಏಪ್ರಿಲ್ 19ರ ಪಟ್ಟಿಯಲ್ಲಿ ಮೂವರೂ ಇದ್ದರು. ಸಾಂಗಾ ಎಂದರೆ ಟೀವಿ ಮಹಾಭಾರತದಲ್ಲಿ ಭೀಮನಾಗಿದ್ದ ಸೌರವ್ ಗುರ್ಜರ್, ಅವನಿಗೆ ನಟನೆಯ ದಾರಿಯಾದರೂ ಇದೆ. ವೀರ್ ಎಂದರೆ ರಿಂಕು ಸಿಂಗ್, ಟೀವಿ ಸ್ಪರ್ಧೆಯೊಂದರಲ್ಲಿ ಚೆಂಡೆಸೆದು ಗೆದ್ದು ಅಮೆರಿಕದ ಬೇಸ್‌ಬಾಲ್ ತಂಡ ಸೇರಿದ್ದವನು, ಕುಸ್ತಿ ಅವನ ಎರಡನೇ ಕಸುಬು. ಡ್ರೂಗೆ ಗ್ಲಾಸ್ಗೋ ಇದ್ದಂತೆ ಇವರಿಗೆ ಯಾವ ಊರಿದೆ? ಜಲಂಧರದಲ್ಲಿ, ಹಿಂದೆ ಡಬ್ಲ್ಯುಡಬ್ಲ್ಯುಇಯಲ್ಲಿ ಆಡಿದ್ದ ಖಲಿಯ ಅಖಾಡ ಇದೆ, ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನಮ್ಮ ಮೈಸೂರಿನ ದಸರಾ ಕುಸ್ತಿಗೆ ಇಂದಿಗೂ ಜನ ಸೇರುತ್ತಾರೆ, ಆದರೆ ಅದು ಮಟ್ಟಿಯ ಕುಸ್ತಿ, ಅಲ್ಲಿ ಸೋಲುವುದು ಮೊದಲೇ ಗೊತ್ತಿದ್ದರೆ ಉಸ್ತಾದರು ಗರಡಿಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ.

ಮಾಜಿ ಚಾಂಪಿಯನ್ ಜಿಂದರ್ ಮಹಲ್ ಈಗ ರಾಜ್ ಧೇಸಿ ಎಂಬ ಹೆಸರಿನಲ್ಲಿ ಸಣ್ಣ ಕಂಪನಿಗಳ ರಿಂಗುಗಳಲ್ಲಿ ಆಡುತ್ತಾನೆ. ಪೋಸ್ಟರಿನಲ್ಲಿ ಹಳೆಯ ಹೆಸರು ಅಚ್ಚು ಹಾಕುವಂತಿಲ್ಲ, ಟಿಕೆಟು ತೆಗೆದುಕೊಳ್ಳುವವರು ಬರುವುದು ಮಾತ್ರ ಆ ಹೆಸರು ಗೊತ್ತಿದ್ದೇ.