ಆಟದ ಕಾವಲುಗಾರನೂ ಮನೆಯ ಬೀಗದಕೈಯೂ

ಜೂಜಿರುವಲ್ಲಿ ಕಪಟವೂ ಇರುವುದೆಂಬುದನ್ನು ಕೌಟಿಲ್ಯನು ಚೆನ್ನಾಗಿ ಬಲ್ಲನು. ಆದುದರಿಂದಲೇ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ದಾಳಗಳನ್ನು ಅವನೇ ಒದಗಿಸತಕ್ಕದ್ದೆಂದೂ, ಬೇರೆ ದಾಳವನ್ನಿಟ್ಟವನಿಗೆ 12 ಪಣಗಳ ದಂಡವೆಂದೂ ವಿಧಿಸಿರುವನು. ಮೈಸೂರಿನ ಪಂಡಿತ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಈ ಗ್ರಂಥವನ್ನು ಓದುವಾಗ, ಅಂತಹ ಅಧ್ಯಕ್ಷನೊಬ್ಬನು ನಮ್ಮ ಮನೆಗೇ ಬರುವನೆಂದು ನಾನು ಎಣಿಸಿರಲಿಲ್ಲ.

ಕಳೆದ ರಜೆಯಲ್ಲಿ ನನ್ನ ಮೊಮ್ಮಗನು ಬಂದೂಕಿನ ಆಟವೊಂದನ್ನು ಕಂಪ್ಯೂಟರಿಗೆ ಇಳಿಸಿಕೊಂಡನು. ಆಡುವುದಕ್ಕೆ ಮೊದಲು ಯಂತ್ರವನ್ನು ಆರಿಸಿ ಮತ್ತೆ ಹಚ್ಚಬೇಕೆಂದು ಅಪ್ಪಣೆಯಾಯಿತು. “ಇದೇಕಪ್ಪಾ?” ಎಂದೆನು. “ಮೋಸಗಾರರನ್ನು ಹಿಡಿಯುವ ಕಾವಲುಗಾರ, ತಾತಾ. ಕಂಪ್ಯೂಟರ್ ಏಳುವಾಗಲೇ ಅವನೂ ಏಳಬೇಕು” ಎಂದನು. ಮನೆಯ ಬ್ಯಾಂಕಿನ ಲೆಕ್ಕವೂ ಕಾಗದಪತ್ರಗಳೂ ಅದೇ ಯಂತ್ರದಲ್ಲಿದ್ದುದರಿಂದ, ಈ ಕಾವಲುಗಾರನು ಯಾರೆಂದು ವಿಚಾರಿಸುವುದು ನನಗೆ ಅಗತ್ಯವೆನಿಸಿತು.

ಈ ಆಟಗಳಲ್ಲಿನ ಮೋಸವು ಮುಖ್ಯವಾಗಿ ಎರಡು ವಿಧ. ಯಂತ್ರದ ಸ್ಮೃತಿಯಲ್ಲಿ ಅಡಗಿರುವ ಎದುರಾಳಿಯ ಸ್ಥಾನವನ್ನು ಓದಿ, ಗೋಡೆಯಾಚೆ ಇರುವವನನ್ನು ಕಾಣಿಸುವುದು ಒಂದು; ಆಟಗಾರನ ಗುರಿಯನ್ನು ತಾನೇ ತಿರುಗಿಸಿಕೊಡುವುದು ಇನ್ನೊಂದು.

ಕಂಪ್ಯೂಟರನ್ನು ಒಂದು ಮನೆಯೆಂದು ಭಾವಿಸೋಣ. ಸಾಮಾನ್ಯ ತಂತ್ರಾಂಶಗಳೆಲ್ಲ ಜಗಲಿಯಲ್ಲಿ ಕುಳಿತು ಕೆಲಸ ಮಾಡತಕ್ಕವು. ಸ್ಮೃತಿ, ಕೀಲಿಮಣೆ, ಕಡತಗಳು ಇವೆಲ್ಲದರ ಬೀಗದಕೈ ಇರುವುದು ಒಳಗಿನ ಉಗ್ರಾಣದಲ್ಲಿ. ಇದಕ್ಕೇ ಕರ್ನೆಲ್ ಎಂದು ಹೆಸರು. ಜಗಲಿಯ ಕಳ್ಳನನ್ನು ಜಗಲಿಯ ಕಾವಲುಗಾರನೇ ಹಿಡಿಯಬಲ್ಲನು. ಆದರೆ ಕಳ್ಳನು ಉಗ್ರಾಣವನ್ನು ಹೊಕ್ಕರೆ, “ಒಳಗೆ ಯಾರು?” ಎಂಬ ಪ್ರಶ್ನೆಗೆ “ಯಾರೂ ಇಲ್ಲ” ಎಂದು ಅವನೇ ಉತ್ತರ ಕೊಡುವನು! ಒಳಹೊಗುವ ಉಪಾಯವೂ ವಿಚಿತ್ರವಾದುದು. ಪ್ರಾಮಾಣಿಕ ಕಂಪೆನಿಯೊಂದು ಸಹಿಮಾಡಿ ಹೊರಡಿಸಿದ, ಆದರೆ ದೋಷವುಳ್ಳ, ಹಳೆಯ ಡ್ರೈವರೊಂದನ್ನು ತಂದು ಅದರ ಬಿರುಕಿನಲ್ಲಿ ನುಸುಳುವರು.

ಹೀಗಾಗಿ ಕಾವಲುಗಾರನೂ ಉಗ್ರಾಣಕ್ಕೆ ಹೋಗಬೇಕಾಯಿತು. ರಯಟ್ ಗೇಮ್ಸ್ ಕಂಪೆನಿಯು 2020ರಲ್ಲಿ ವ್ಯಾಲರಂಟ್ ಎಂಬ ಆಟವನ್ನು ಹೊರಡಿಸಿದಾಗ, ಅದರ ಕಾವಲು ತಂತ್ರಾಂಶವಾದ ವ್ಯಾನ್‌ಗಾರ್ಡ್ ಕಂಪ್ಯೂಟರಿನೊಡನೆಯೇ ಏಳುತ್ತಿದ್ದಿತು. ಕಳ್ಳನಿಗಿಂತ ಮೊದಲು ಬಂದವನು ಮಾತ್ರವೇ ಕಳ್ಳನ ಪ್ರವೇಶವನ್ನು ಕಾಣಬಲ್ಲನಷ್ಟೆ. ಇಂತಹ ಕಾವಲುಗಾರನು ಒಳಬರುವ ಡ್ರೈವರುಗಳನ್ನು ಪರೀಕ್ಷಿಸಿ ದೋಷವುಳ್ಳವನ್ನು ತಡೆಯುವನು. ಬೇರೊಂದು ತಂತ್ರಾಂಶವು ಆಟದ ಸ್ಮೃತಿಯನ್ನು ಓದಲು ಅನುಮತಿ ಕೇಳಿದರೆ ಆ ಸುದ್ದಿಯನ್ನು ಮೊದಲೇ ತಿಳಿದು ಅನುಮತಿಯನ್ನು ಮೊಟಕುಮಾಡುವನು. ಆಟದ ಮೂಲಪಾಠವು ತಿದ್ದಲ್ಪಟ್ಟಿದೆಯೇ ಎಂದು ಮತ್ತೆ ಮತ್ತೆ ತಾಳೆ ನೋಡುವನು. ತಿಳಿದ ಕಪಟತಂತ್ರಗಳ ಲಕ್ಷಣಗಳನ್ನು ಹುಡುಕುವನು.

ಇಷ್ಟಾದರೂ ಕಪಟವು ನಿಲ್ಲಲಿಲ್ಲ. ಕೆಲವರು ಯಂತ್ರಕ್ಕೆ ಬೇರೊಂದು ಫಲಕವನ್ನು ಜೋಡಿಸಿ, ಕರ್ನೆಲನ್ನೂ ಬಳಸದೆ ಸ್ಮೃತಿಯನ್ನು ನೇರವಾಗಿ ಓದತೊಡಗಿದರು. ಇದಕ್ಕೆ ವ್ಯಾಲರಂಟಿನವರು ಇಟ್ಟುಕೊಂಡಿರುವ ಇನ್ನೊಂದು ಉಪಾಯವು ಮೆಚ್ಚತಕ್ಕದ್ದು. ಎದುರಾಳಿಯು ಕಣ್ಣಿಗೆ ಬೀಳುವ ಹೊತ್ತಾಗುವವರೆಗೆ ಅವನ ಸ್ಥಾನವನ್ನು ದೂರದ ಸರ್ವರು ಆಟಗಾರನ ಯಂತ್ರಕ್ಕೆ ಕಳುಹಿಸುವುದೇ ಇಲ್ಲ. ಮನೆಯಲ್ಲಿಲ್ಲದ ಒಡವೆಯನ್ನು ಕದಿಯುವುದೆಂತು?

ಅದಿರಲಿ, ಉಗ್ರಾಣದ ಬೀಗದಕೈ ಪಡೆದವನೇ ತಪ್ಪಿದರೆ ಗತಿಯೇನು? ಅಮೆರಿಕದ ಇ.ಎಸ್.ಇ.ಎ. ಎಂಬ ಪಂದ್ಯಸಂಸ್ಥೆಯ ಕಾವಲು ತಂತ್ರಾಂಶವು 2013ರಲ್ಲಿ ಸುಮಾರು 14,000 ಕಂಪ್ಯೂಟರುಗಳನ್ನು ಒಡೆಯರಿಗೆ ತಿಳಿಯದಂತೆ ಬಿಟ್‌ಕಾಯಿನ್ ಸಂಪಾದನೆಗೆ ದುಡಿಸಿತು. ನ್ಯೂಜೆರ್ಸಿ ಸಂಸ್ಥಾನದ ಸರಕಾರವು ಅದರ ಮೇಲೆ ಕ್ರಮ ಜರುಗಿಸಿತು. 2022ರಲ್ಲಿ ಗೆನ್ಷಿನ್ ಇಂಪ್ಯಾಕ್ಟ್ ಎಂಬ ಆಟದ ಕಾವಲು ಡ್ರೈವರನ್ನೇ ದರೋಡೆಕೋರರು ಹೊತ್ತೊಯ್ದು, ಆ ಆಟವೇ ಇಲ್ಲದ ಯಂತ್ರಗಳಲ್ಲಿ ವೈರಸ್ ನಿರೋಧಕ ತಂತ್ರಾಂಶವನ್ನು ಕೊಲ್ಲಲು ಬಳಸಿದರು. ಕಾವಲುಗಾರನ ದೊಣ್ಣೆಯಿಂದಲೇ ಮನೆಯವರಿಗೆ ಪೆಟ್ಟು ಬಿದ್ದಂತಾಯಿತು.

ಮೋಸವಿಲ್ಲದ ಆಟವನ್ನು ಮಕ್ಕಳು ಬಯಸುವುದು ನ್ಯಾಯವೇ. ನಲವತ್ತು ಮಂದಿ ಹುಡುಗರಿಗೆ ಪರೀಕ್ಷೆ ನಡೆಸಿದ ನನಗೆ, ಒಬ್ಬನ ನಕಲಿನಿಂದ ಉಳಿದವರ ಮನಸ್ಸು ಎಷ್ಟು ಮುರಿಯುವುದೆಂಬುದು ತಿಳಿದಿದೆ. ಆದರೆ ಕೌಟಿಲ್ಯನು ಅಧ್ಯಕ್ಷನೂ ಶುದ್ಧನಾಗಿರಬೇಕೆಂದನು. ಬೀಗದಕೈಯನ್ನು ಕೊಡುವುದು ಮಗುವಿನ ಬೆರಳ ಒತ್ತಿಗೆ ಬಿಡತಕ್ಕ ಕೆಲಸವಲ್ಲ. ಹಿರಿಯರು ವಿಚಾರಿಸಿ ಒಪ್ಪಬೇಕು. ಸಾಧ್ಯವಾದರೆ ಮನೆಯ ಲೆಕ್ಕಪತ್ರಗಳನ್ನು ಬೇರೆ ಯಂತ್ರದಲ್ಲಿಡಬೇಕು. ಆಟವನ್ನು ಬಿಟ್ಟ ದಿನ ಕಾವಲುಗಾರನನ್ನೂ ಕಳುಹಿಸಿಬಿಡಬೇಕು.

ನಾನು ಮೊಮ್ಮಗನಿಗೆ ಅನುಮತಿ ಕೊಟ್ಟೆನು. ಬ್ಯಾಂಕಿನ ಲೆಕ್ಕವನ್ನು ಮಾತ್ರ ಆ ಯಂತ್ರದಿಂದ ತೆಗೆದೆನು.