ಬ್ರೌಸರ್‌ನೊಳಗಿನ ತಿಜೋರಿ: ಕ್ರಿಪ್ಟೋ ವಾಲೆಟ್ ತೆರೆಯುವ ವರ್ತಕರು ಅರಿಯಬೇಕಾದ ಅಂಶಗಳು

2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ಕ್ರಿಪ್ಟೋ ವಿನಿಮಯ ಕೇಂದ್ರದ ವಾಲೆಟ್ ಒಂದರಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಕಳುವಾಯಿತು. ಆ ಕೇಂದ್ರದಲ್ಲಿ ಶಿಲ್ಕು ಇಟ್ಟಿದ್ದವರು ತಮ್ಮ ಕ್ರಿಪ್ಟೋ ಆಸ್ತಿಯನ್ನು ಮುಟ್ಟಲಾಗದೆ ಒಂದು ವರ್ಷಕ್ಕೂ ಮೇಲ್ಪಟ್ಟು ಕಾಯಬೇಕಾಯಿತು. ಸಿಂಗಪುರದ ನ್ಯಾಯಾಲಯದ ಮುಂದೆ ಪುನರ್‌ರಚನೆಯ ಯೋಜನೆ ಅಂಗೀಕಾರವಾಗಿ ವಹಿವಾಟು ಮತ್ತೆ ಆರಂಭವಾದುದು 2025ರ ಅಕ್ಟೋಬರ್‌ನಲ್ಲಿ. ಅಂದಿನಿಂದ, ಅನ್ಯರ ಸುಪರ್ದಿಯಲ್ಲಿರುವುದನ್ನು ತಮ್ಮ ಕೈಗೇ ತೆಗೆದುಕೊಳ್ಳುವುದು ಲೇಸೆಂಬ ಅಭಿಪ್ರಾಯ ಹೂಡಿಕೆದಾರರಲ್ಲಿ ಬಲಗೊಂಡಿದೆ. ಅದಕ್ಕಾಗಿ ಬಹುಮಂದಿ ಮೊದಲು ಆಯ್ದುಕೊಳ್ಳುವುದು ಬ್ರೌಸರ್‌ಗೆ ಜೋಡಿಸುವ ವಾಲೆಟ್ ಎಕ್ಸ್‌ಟೆನ್ಷನ್ ಎಂಬ ಪುಟ್ಟ ತಂತ್ರಾಂಶವನ್ನು.

ಅಭಿಪ್ರಾಯ ತಪ್ಪಲ್ಲ. ಆದರೆ ಬ್ಯಾಂಕಿನ ಲಾಕರಿನಿಂದ ಒಡವೆಯನ್ನು ಮನೆಗೆ ತಂದವನು ಕಾವಲಿನ ಹೊಣೆಯನ್ನೂ ಜೊತೆಯಲ್ಲೇ ತಂದಿರುತ್ತಾನೆ. ಈ ಹೊಣೆ ಎಂಥದೆಂಬುದನ್ನು ಅರಿಯದೆ ವಾಲೆಟ್ ತೆರೆದವರು ಕಳೆದುಕೊಂಡ ಹಣಕ್ಕೆ ಮೇಲ್ಮನವಿ ಸಲ್ಲಿಸಲು ಶಾಖಾ ವ್ಯವಸ್ಥಾಪಕರಾಗಲಿ ಬ್ಯಾಂಕಿಂಗ್ ಓಂಬುಡ್ಸ್‌ಮನ್ನರಾಗಲಿ ಇಲ್ಲ. ಆದುದರಿಂದ 2016ರಿಂದ ಬಳಕೆಯಲ್ಲಿರುವ, ಈಥೀರಿಯಂ ಜಾಲಕ್ಕಾಗಿ ರೂಪುಗೊಂಡ ಮೆಟಾಮಾಸ್ಕ್ ಎಂಬ ಎಕ್ಸ್‌ಟೆನ್ಷನ್ನನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಶೀಲಿಸಲಾಗಿದೆ. ಕ್ರಿಪ್ಟೋ ಕೊಳ್ಳಬೇಕೆ ಬೇಡವೆ ಎಂಬುದು ಬೇರೆ ಚರ್ಚೆ. ವ್ಯಾಪಾರದ ದುಡಿಯುವ ಬಂಡವಾಳವನ್ನು ಇದರಲ್ಲಿ ತೊಡಗಿಸುವುದು ಯಾವ ದೃಷ್ಟಿಯಿಂದಲೂ ವಿವೇಕವಲ್ಲವೆಂದಷ್ಟನ್ನು ಮಾತ್ರ ಮೊದಲೇ ಹೇಳಬಹುದು.

ವಾಲೆಟ್ಟಿನಲ್ಲಿ ಇರುವುದೇನು?

ಹೆಸರು ಹಣದ ಚೀಲವೆಂದಿದ್ದರೂ ಅದರೊಳಗೆ ಹಣವಿರುವುದಿಲ್ಲ. ಯಾರ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕವು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆ ಪುಸ್ತಕದಲ್ಲಿದ್ದು, ಅದರ ಪ್ರತಿ ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿರುತ್ತದೆ. ವಾಲೆಟ್ ಕಾಪಾಡುವುದು ಆ ಖಾತೆಯಿಂದ ಖರ್ಚು ಬರೆಯಲು ಬೇಕಾದ ಸಹಿಯ ಅಧಿಕಾರವನ್ನು, ಅಂದರೆ ಖಾಸಗಿ ಕೀಲಿಯನ್ನು. ಈ ಒಂದು ಸಂಗತಿ ಮನದಟ್ಟಾದರೆ ಉಳಿದುದೆಲ್ಲ ಸುಲಭ. ಗಣಕಯಂತ್ರ ಕೆಟ್ಟುಹೋದರೆ ಹಣ ಹೋಗುವುದಿಲ್ಲ. ಕೀಲಿ ಅನ್ಯರ ಕೈ ಸೇರಿದರೆ ಗಣಕಯಂತ್ರ ಮೇಜಿನ ಮೇಲೆಯೇ ಇದ್ದರೂ ಹಣ ಉಳಿಯುವುದಿಲ್ಲ.

ವಾಲೆಟ್ ರಚಿಸುವಾಗ ಎರಡು ಬಗೆಯ ಗುಟ್ಟುಗಳು ಎದುರಾಗುತ್ತವೆ. ಹೊಸಬರು ಎಡವುವುದು ಬಹುತೇಕ ಇಲ್ಲಿಯೇ. ಮೊದಲನೆಯದು ಗುಪ್ತಪದ. ಇದು ಆ ಒಂದು ಗಣಕಯಂತ್ರದ ಆ ಒಂದು ಬ್ರೌಸರಿನಲ್ಲಿ ಕೀಲಿಯನ್ನು ಮುಚ್ಚಿಡುವ ಬೀಗ ಮಾತ್ರ. ಎರಡನೆಯದು ‘ಸೀಕ್ರೆಟ್ ರಿಕವರಿ ಫ್ರೇಸ್’ ಎಂದು ಪರದೆಯ ಮೇಲೆ ಕಾಣುವ 12 ಇಂಗ್ಲಿಷ್ ಪದಗಳ ಸರಣಿ, ಇದನ್ನು ಬೀಜಪದಗಳೆನ್ನಬಹುದು. 2048 ಪದಗಳ ನಿಗದಿತ ಪಟ್ಟಿಯಿಂದ ಗಣಕಯಂತ್ರವೇ ಇವನ್ನು ಆರಿಸುತ್ತದೆ. ಸಾಧ್ಯವಿರುವ ಸರಣಿಗಳ ಸಂಖ್ಯೆ 39 ಅಂಕಿಗಳಷ್ಟು ದೊಡ್ಡದಾದುದರಿಂದ ಊಹಿಸಿ ಕದಿಯುವುದು ಅಸಾಧ್ಯ. ಆದುದರಿಂದಲೇ ಕಳ್ಳರು ಊಹಿಸುವ ಗೋಜಿಗೆ ಹೋಗದೆ, ಮಾಲೀಕನಿಂದಲೇ ಕೇಳಿ ಪಡೆಯುತ್ತಾರೆ. ಗುಪ್ತಪದ ಮರೆತವನು ಬೀಜಪದಗಳಿಂದ ವಾಲೆಟ್ಟನ್ನು ಮರಳಿ ಪಡೆಯಬಲ್ಲನು. ಬೀಜಪದಗಳನ್ನು ಕಳೆದುಕೊಂಡು ಗಣಕಯಂತ್ರವೂ ಕೆಟ್ಟವನಿಗೆ ಮೆಟಾಮಾಸ್ಕ್ ಕಂಪನಿಯೂ ನೆರವಾಗಲಾರದು, ಏಕೆಂದರೆ ಆ ಪದಗಳು ಅದರ ಬಳಿ ಇರುವುದೇ ಇಲ್ಲ.

ಸ್ಥಾಪನೆಯ ಕ್ರಮ

ಯಾವ ಗಣಕಯಂತ್ರದಲ್ಲಿ ಸ್ಥಾಪಿಸಬೇಕೆಂಬುದು ಮೊದಲ ಪ್ರಶ್ನೆ. ಅಂಗಡಿಯ ಬಿಲ್ಲು ಹಾಕುವ, ಗುಮಾಸ್ತರೂ ಲೆಕ್ಕದವರೂ ಸರದಿಯಲ್ಲಿ ಕುಳಿತುಕೊಳ್ಳುವ, ನಕಲಿ ತಂತ್ರಾಂಶ ತುಂಬಿದ ಯಂತ್ರದಲ್ಲಿ ಖಂಡಿತ ಕೂಡದು. ಸ್ವಂತದ ಯಂತ್ರದಲ್ಲಿಯೂ ಬ್ರೌಸರಿನೊಳಗೆ ಪ್ರತ್ಯೇಕ ಪ್ರೊಫೈಲ್ ತೆರೆದು, ಅದರಲ್ಲಿ ವಾಲೆಟ್ ಹೊರತು ಬೇರಾವ ಎಕ್ಸ್‌ಟೆನ್ಷನ್ನೂ ಇಲ್ಲದಂತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ. ರಿಯಾಯಿತಿ ಕೂಪನ್ ಹುಡುಕಿಕೊಡುವ, ಪುಟ ಅನುವಾದಿಸುವ ಎಕ್ಸ್‌ಟೆನ್ಷನ್ನುಗಳಲ್ಲಿ ಅನೇಕವು ಎಲ್ಲ ಜಾಲತಾಣಗಳ ಮಾಹಿತಿಯನ್ನು ಓದುವ ಹಾಗೂ ಬದಲಿಸುವ ಅನುಮತಿಯನ್ನು ಕೇಳಿ ಪಡೆದಿರುತ್ತವೆ.

ಎರಡನೆಯದಾಗಿ, ಹುಡುಕು ತಾಣದಲ್ಲಿ ವಾಲೆಟ್ಟಿನ ಹೆಸರು ಬರೆದು ಮೊದಲು ಕಂಡ ಕೊಂಡಿಯನ್ನು ಒತ್ತಬಾರದು. ಮೇಲ್ಭಾಗದಲ್ಲಿ ಬರುವುದು ಜಾಹೀರಾತಾಗಿರಬಹುದು; ಹಣ ಕೊಟ್ಟು ಅಲ್ಲಿ ಕುಳಿತ ನಕಲಿ ತಾಣಗಳ ಪ್ರಕರಣಗಳು ಹಲವು. ಮೆಟಾಮಾಸ್ಕ್.ಐಒ ಎಂಬ ವಿಳಾಸವನ್ನು ಅಕ್ಷರಶಃ ಬರೆದು, ಅಲ್ಲಿಂದ ಕ್ರೋಮ್ ವೆಬ್ ಸ್ಟೋರಿಗೆ ಹೋಗಬೇಕು. ಅಧಿಕೃತ ಮಳಿಗೆಯಲ್ಲಿ ಇದ್ದಮಾತ್ರಕ್ಕೆ ಸರಕು ಅಸಲಿ ಎಂದೂ ತಿಳಿಯುವಂತಿಲ್ಲ. 2019ರ ಫೆಬ್ರವರಿಯಲ್ಲಿ ಗೂಗಲ್ ಪ್ಲೇ ಮಳಿಗೆಯಲ್ಲಿಯೇ ಮೆಟಾಮಾಸ್ಕ್ ಹೆಸರಿನ ಒಂದು ಕಳ್ಳ ಆ್ಯಪ್ ಇದ್ದುದನ್ನು ಇಸೆಟ್ ಸಂಸ್ಥೆಯ ಭದ್ರತಾ ತಜ್ಞರು ಪತ್ತೆಹಚ್ಚಿದ್ದರು. ನಕಲು ಮಾಡಿದ ವಿಳಾಸವನ್ನು ಅಂಟಿಸುವ ಹೊತ್ತಿಗೆ ಕಳ್ಳನ ವಿಳಾಸವಾಗಿ ಬದಲಿಸುವುದು ಅದರ ಕೆಲಸವಾಗಿತ್ತು.

ಎಕ್ಸ್‌ಟೆನ್ಷನ್ ಸೇರಿಸಿದ ಮೇಲೆ ಹೊಸ ವಾಲೆಟ್ ರಚಿಸುವ ಆಯ್ಕೆಯನ್ನು ಒತ್ತಬೇಕು. 2025ರಿಂದ ಗೂಗಲ್ ಅಥವಾ ಆ್ಯಪಲ್ ಖಾತೆಯ ಮೂಲಕವೂ ರಚಿಸುವ ಅವಕಾಶವಿದೆ. ಅದು ಸುಲಭವೇ ಸರಿ. ಆದರೆ ಆ ಮಾರ್ಗದಲ್ಲಿ ಗುಪ್ತಪದ ಮರೆತರೆ ಕಂಪನಿ ಅದನ್ನು ಮರಳಿಸಲಾರದು. ಯಾವುದು ಯಾವುದಕ್ಕೆ ಬೀಗವೆಂಬ ತಿಳಿವಳಿಕೆಯೂ ಹೊಸಬರಲ್ಲಿ ಮಸುಕಾಗುತ್ತದೆ. ಬೀಜಪದಗಳ ಹಳೆಯ ಮಾರ್ಗವೇ ಕಲಿಯುವವರಿಗೆ ಲೇಸು. ಬೇರೆಲ್ಲಿಯೂ ಬಳಸದ ಉದ್ದನೆಯ ಗುಪ್ತಪದವನ್ನು ಕೊಟ್ಟ ಬಳಿಕ 12 ಪದಗಳು ತೋರುತ್ತವೆ. ಹಿಂದೆ ಯಾರೂ ನಿಂತಿಲ್ಲವೆಂದು, ಮೇಲಿನ ಸಿಸಿಟಿವಿ ಕ್ಯಾಮೆರಾ ಪರದೆಯತ್ತ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಕ್ರಮಸಂಖ್ಯೆ ಸಹಿತ ಕಾಗದದ ಮೇಲೆ ಲೇಖನಿಯಿಂದ ಬರೆದುಕೊಳ್ಳತಕ್ಕದ್ದು. ಕ್ರಮ ತಪ್ಪಿದರೆ ಪದಗಳು ನಿಷ್ಪ್ರಯೋಜಕ. ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ತನಗೆ ತಾನೇ ವಾಟ್ಸ್‌ಆ್ಯಪ್ ಕಳುಹಿಸಿಕೊಳ್ಳುವುದು, ಇ-ಮೇಲಿನ ಕರಡಿನಲ್ಲಿ ಇಡುವುದು, ಎಕ್ಸೆಲ್ ಹಾಳೆಯಲ್ಲಿ ‘ಖಾಸಗಿ’ ಎಂದು ಹೆಸರಿಟ್ಟು ಉಳಿಸುವುದು, ಇವೆಲ್ಲವೂ ತಿಜೋರಿಯ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತೆ.

ಹೀಗೆ ಬರೆದ ಎರಡು ಪ್ರತಿಗಳನ್ನು ಎರಡು ಕಡೆ ಇಡಬೇಕು. ಒಂದು ಬ್ಯಾಂಕ್ ಲಾಕರಿನಲ್ಲಿದ್ದರೆ ಉತ್ತಮ. ಆರು ಪದ ಇಲ್ಲಿ, ಆರು ಪದ ಅಲ್ಲಿ ಎಂದು ಹಂಚುವ ಜಾಣತನ ಬೇಡ. ಒಂದು ಭಾಗ ನಷ್ಟವಾದರೆ ಎಲ್ಲವೂ ನಷ್ಟ.

ಇನ್ನು ಬಹುಮಂದಿ ಕೈಬಿಡುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಹಂತ. ವಾಲೆಟ್ಟಿಗೆ ಒಂದು ರೂಪಾಯಿಯನ್ನೂ ಹಾಕುವ ಮೊದಲು ಎಕ್ಸ್‌ಟೆನ್ಷನ್ನನ್ನು ತೆಗೆದುಹಾಕಿ, ಮತ್ತೆ ಸ್ಥಾಪಿಸಿ, ಕಾಗದ ನೋಡಿ ಬೀಜಪದಗಳನ್ನು ಕೊಟ್ಟು, ಹಿಂದಿನ ವಿಳಾಸವೇ ಬರುವುದೇ ಎಂದು ನೋಡಬೇಕು. 0ಎಕ್ಸ್ ಎಂದು ಆರಂಭವಾಗಿ ಮುಂದೆ 40 ಅಕ್ಷರಾಂಕಗಳಿರುವ ಆ ವಿಳಾಸವನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಬಂದರೆ ಕಾಗದ ಸರಿಯಾಗಿದೆ. ಬಾರದಿದ್ದರೆ ತಪ್ಪು ಖಾಲಿ ವಾಲೆಟ್ಟಿನಲ್ಲಿಯೇ ತಿಳಿಯಿತೆಂದು ಸಮಾಧಾನಪಟ್ಟು ಹೊಸದನ್ನು ರಚಿಸಬಹುದು. ದಾಸ್ತಾನನ್ನು ಎಣಿಸದೆ ಷರಾ ಬರೆಯುವ ಲೆಕ್ಕಪರಿಶೋಧಕನನ್ನು ಯಾರೂ ನಂಬರು. ಪರೀಕ್ಷಿಸದ ಬೀಜಪದಗಳೂ ಹಾಗೆಯೇ.

ಮೊದಲ ವರ್ಗಾವಣೆ

ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾದ ವಿನಿಮಯ ಕೇಂದ್ರದಿಂದಲೇ ಕೊಳ್ಳುವುದು ಸರಿಯಾದ ಕ್ರಮ. 2023ರ ಮಾರ್ಚ್ 7ರ ಅಧಿಸೂಚನೆಯ ಬಳಿಕ ಇಂಥ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಸ್ವಂತ ವಾಲೆಟ್ಟಿಗೆ ಕಳುಹಿಸಲು ಅವಕಾಶವಿದೆಯೇ, ಶುಲ್ಕವೆಷ್ಟು ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು.

ಕಳುಹಿಸುವಾಗ ಕೇಂದ್ರದ ಪರದೆಯಲ್ಲಿ ಆರಿಸಿದ ಜಾಲವೂ ವಾಲೆಟ್ ಬಳಸುವ ಜಾಲವೂ ಒಂದೇ ಆಗಿರಬೇಕು. ಮೊದಲು ಅಲ್ಪ ಮೊತ್ತ, ಅದು ತಲಪಿದ ಮೇಲೆ ಉಳಿದುದು. ಡಾಲರಿಗೆ ಸಮನಾದ ಟೋಕನ್ನುಗಳನ್ನು ಮಾತ್ರ ತರಿಸಿಕೊಂಡು, ಅವನ್ನು ಮುಂದೆ ಕಳುಹಿಸಲಾಗದೆ ಗಲಿಬಿಲಿಗೊಳ್ಳುವ ಹೊಸಬರು ಅನೇಕ. ಈಥೀರಿಯಂ ಜಾಲದಲ್ಲಿ ಪ್ರತಿ ವರ್ಗಾವಣೆಯ ‘ಗ್ಯಾಸ್’ ಶುಲ್ಕವನ್ನು ಸಾಮಾನ್ಯವಾಗಿ ಈಥರ್ ರೂಪದಲ್ಲಿಯೇ ತೆರಬೇಕು. ಲಾರಿಯಲ್ಲಿ ಸರಕು ತುಂಬಿದ್ದರೂ ಡೀಸೆಲ್ ಇಲ್ಲದೆ ಅದು ಕದಲದು.

ವಿಳಾಸವನ್ನು ಹಿಂದಿನ ವ್ಯವಹಾರಗಳ ಪಟ್ಟಿಯಿಂದ ನಕಲಿಸುವುದು ಅಪಾಯಕಾರಿ. ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳು ಹೊಂದುವಂಥ ವಿಳಾಸವನ್ನು ಸೃಷ್ಟಿಸಿ, ಅಲ್ಲಿಂದ ಪುಡಿಗಾಸು ಅಥವಾ ಸೊನ್ನೆ ಮೊತ್ತ ಕಳುಹಿಸಿ ಪಟ್ಟಿಯೊಳಗೆ ನುಸುಳುವ ವಂಚನೆಯೊಂದಿದೆ. 2024ರ ಮೇ ತಿಂಗಳಲ್ಲಿ ಹೀಗೆ ಮೋಸಹೋದ ಒಬ್ಬರು ಸುಮಾರು 6.8 ಕೋಟಿ ಡಾಲರ್ ಮೌಲ್ಯದ ಬಿಟ್‌ಕಾಯಿನ್ ಆಧಾರಿತ ಟೋಕನ್ನುಗಳನ್ನು ಕಳ್ಳನ ವಿಳಾಸಕ್ಕೆ ತಾವೇ ಕಳುಹಿಸಿದರು. ಆ ಪ್ರಕರಣದಲ್ಲಿ ಬಹುಪಾಲು ಮರಳಿ ಬಂದುದು ಅಪವಾದವೇ ಹೊರತು ನಿಯಮವಲ್ಲ.

ಸಹಿಯ ವಿಷಯ

ವಾಲೆಟ್ಟನ್ನು ಜಾಲತಾಣಗಳಿಗೆ ಜೋಡಿಸಿದಾಗ ತೆರೆಯುವ ಕಿರುಕಿಟಕಿಯು ಅನುಮತಿ ಕೇಳುತ್ತದೆ. ವಿಳಾಸ ನೋಡುವ ಅನುಮತಿ ಒಂದು ಬಗೆ. ಟೋಕನ್ನುಗಳನ್ನು ಖರ್ಚು ಮಾಡುವ ಅನುಮತಿ ಬೇರೆಯೇ ಬಗೆ. ಎರಡನೆಯದಕ್ಕೆ ಮಿತಿ ಹಾಕದೆ ಒಪ್ಪಿದರೆ ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿ ಕೊಟ್ಟಂತೆ. 2021ರ ಡಿಸೆಂಬರ್‌ನಲ್ಲಿ ಬ್ಯಾಡ್ಜರ್‌ಡಾವೊ ಎಂಬ ತಾಣದ ಪುಟಕ್ಕೆ ಕಳ್ಳ ಸಂಕೇತ ತೂರಿಸಿದವರು ಇಂಥ ಅನುಮತಿಗಳನ್ನು ಪಡೆದು ಸುಮಾರು 12 ಕೋಟಿ ಡಾಲರ್ ಎತ್ತಿದರು. ಮೆಟಾಮಾಸ್ಕ್‌ನಲ್ಲಿ ಅನುಮತಿಯ ಮೊತ್ತವನ್ನು ಬೇಕಾದಷ್ಟಕ್ಕೆ ಇಳಿಸಲು ಬರುತ್ತದೆ. ಹಿಂದೆ ಕೊಟ್ಟುದನ್ನು ಈಥರ್‌ಸ್ಕ್ಯಾನ್ ತಾಣದ ಅನುಮತಿ ಪರಿಶೀಲನಾ ಪುಟದಲ್ಲಿ ನೋಡಿ, ಅಲ್ಪ ಶುಲ್ಕ ತೆತ್ತು ರದ್ದುಗೊಳಿಸಬಹುದು. ಉಚಿತ ಟೋಕನ್ ಹಂಚುತ್ತೇವೆಂಬ ತಾಣಗಳಿಂದ ದೂರವಿರುವುದಂತೂ ಸರಿಯೇ.

ಅಸಲಿ ಎಕ್ಸ್‌ಟೆನ್ಷನ್ ಕೂಡ ಪೂರ್ಣ ಅಭಯ ನೀಡದು. 2025ರ ಡಿಸೆಂಬರ್‌ನಲ್ಲಿ ಟ್ರಸ್ಟ್ ವಾಲೆಟ್ಟಿನ ಕ್ರೋಮ್ ಎಕ್ಸ್‌ಟೆನ್ಷನ್ನಿನ 2.68ನೇ ಆವೃತ್ತಿಯೊಳಗೆ ಕಳ್ಳ ಸಂಕೇತ ಸೇರಿಕೊಂಡು, ಬಳಕೆದಾರರ ಯಾವ ತಪ್ಪೂ ಇಲ್ಲದೆ 70 ಲಕ್ಷ ಡಾಲರಿನಷ್ಟು ಹಣ ಹೋಯಿತು. ಆದುದರಿಂದ ಬ್ರೌಸರಿನ ವಾಲೆಟ್ಟನ್ನು ಗಲ್ಲಾಪೆಟ್ಟಿಗೆಯಂತೆ ಬಳಸಿ, ಹೆಚ್ಚಿನ ಮೊತ್ತವಿದ್ದರೆ ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಲೆಡ್ಜರ್ ಅಥವಾ ಟ್ರೆಜರ್ ಮಾದರಿಯ ಸಾಧನವನ್ನು ಜೋಡಿಸಿಕೊಳ್ಳುವುದು ಯುಕ್ತ.

ಲೆಕ್ಕ ಮತ್ತು ತೆರಿಗೆ

ಸ್ವಂತ ವಾಲೆಟ್ಟಿಗೆ ಒಯ್ದುದು ತೆರಿಗೆಯ ಕಣ್ಣಿಗೆ ಬೀಳದೆಂಬ ಭ್ರಮೆ ಬೇಡ. ತನ್ನ ಒಂದು ಖಾತೆಯಿಂದ ತನ್ನದೇ ಇನ್ನೊಂದಕ್ಕೆ ಕಳುಹಿಸುವುದು ಮಾರಾಟವಲ್ಲ. ಆದರೆ ವಾಲೆಟ್ಟಿನೊಳಗೇ ಒಂದು ಟೋಕನ್ ಕೊಟ್ಟು ಇನ್ನೊಂದನ್ನು ಪಡೆಯುವುದು ವರ್ಗಾವಣೆಯೇ ಆಗುತ್ತದೆ. 2022-23ನೇ ಆರ್ಥಿಕ ವರ್ಷದಿಂದ ಇಂಥ ಲಾಭಕ್ಕೆ ಶೇ. 30ರ ದರವಿದೆ. 2026ರ ಏಪ್ರಿಲ್ 1ರಿಂದ ಜಾರಿಗೊಳ್ಳುವಂತೆ ಅಂಗೀಕೃತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ದರ ಅದೇ. ಕೊಂಡ ಬೆಲೆಯ ಹೊರತು ಬೇರಾವ ವೆಚ್ಚವನ್ನೂ ಕಳೆಯುವಂತಿಲ್ಲ, ನಷ್ಟವನ್ನು ಹೊಂದಿಸುವಂತಿಲ್ಲ. ಒಂದರಲ್ಲಿ 40,000 ರೂಪಾಯಿ ಲಾಭ, ಇನ್ನೊಂದರಲ್ಲಿ 60,000 ರೂಪಾಯಿ ನಷ್ಟವಾಗಿ ಒಟ್ಟಾರೆ 20,000 ಕೈಬಿಟ್ಟವನೂ ಲಾಭದ ಮೇಲೆ ಸೆಸ್ ಸೇರಿ 12,480 ರೂಪಾಯಿ ತೆರಬೇಕು. ಇದರ ನ್ಯಾಯಾನ್ಯಾಯ ಏನೇ ಇರಲಿ, ಕಾನೂನು ಹಾಗಿದೆ.

2022ರ ಜುಲೈ 1ರಿಂದ ಶೇ. 1ರ ಮೂಲದಲ್ಲಿ ತೆರಿಗೆ ಕಡಿತವೂ ಇದೆ. ನೋಂದಾಯಿತ ಕೇಂದ್ರದ ಮೂಲಕ ನಡೆದರೆ ಕೇಂದ್ರವೇ ಕಡಿತ ಮಾಡುತ್ತದೆ. ಪರಿಚಿತರಿಂದ ನೇರವಾಗಿ ಕೊಂಡರೆ ಆ ಹೊಣೆ ಕೊಂಡವನದು. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ಮೀರಿದ ವರ್ತಕರಿಗೆ ವರ್ಷಕ್ಕೆ 10,000 ರೂಪಾಯಿ ದಾಟಿದೊಡನೆ ಇದು ಅನ್ವಯ. ಕಂಪನಿಗಳಾದರೆ 2021ರ ಮಾರ್ಚ್ 24ರ ಅಧಿಸೂಚನೆಯಂತೆ ವರ್ಷಾಂತ್ಯದ ಶಿಲ್ಕು ಹಾಗೂ ಲಾಭ-ನಷ್ಟಗಳನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ಪ್ರಕಟಿಸಬೇಕು. ಕ್ರಿಪ್ಟೋ ಭಾರತದಲ್ಲಿ ಕಾನೂನುಬದ್ಧ ಹಣವಲ್ಲ. ರಫ್ತಿನ ಬಾಬ್ತು ಅಧಿಕೃತ ಬ್ಯಾಂಕಿನ ಮಾರ್ಗವಾಗಿಯೇ ಬರಬೇಕು. ವಿದೇಶದ ಗಿರಾಕಿ ವಾಲೆಟ್ಟಿಗೇ ಕಳುಹಿಸುತ್ತೇನೆಂದರೆ ಒಪ್ಪಬಾರದು.

ಆದುದರಿಂದ ವಾಲೆಟ್ಟಿಗೂ ದಿನವಹಿಯೊಂದನ್ನು ಇಡಬೇಕು: ದಿನಾಂಕ, ಟೋಕನ್, ಪ್ರಮಾಣ, ಅಂದಿನ ರೂಪಾಯಿ ಮೌಲ್ಯ, ವ್ಯವಹಾರದ ಗುರುತು ಸಂಖ್ಯೆ. ವಿನಿಮಯ ಕೇಂದ್ರದಂತೆ ವಾಲೆಟ್ ವರ್ಷಾಂತ್ಯಕ್ಕೆ ತೆರಿಗೆ ವಿವರಪಟ್ಟಿ ಕಳುಹಿಸುವುದಿಲ್ಲ.

ಕುಟುಂಬದ ವಿಷಯವೂ ಇಲ್ಲಿಯೇ ಬರುತ್ತದೆ. ಬ್ಯಾಂಕ್ ಖಾತೆಗಿರುವಂತೆ ಇದಕ್ಕೆ ನಾಮನಿರ್ದೇಶನವಿಲ್ಲ. ಯಜಮಾನನು ಹಠಾತ್ತನೆ ತೀರಿಕೊಂಡರೆ, ಸಾರ್ವಜನಿಕ ಪುಸ್ತಕದಲ್ಲಿ ಆ ಹಣ ಎಲ್ಲರಿಗೂ ಕಾಣುತ್ತಿದ್ದು, ಮನೆಯವರ ಕೈಗೆ ಮಾತ್ರ ಎಂದಿಗೂ ಸಿಗದು. ಇಂಥದೊಂದು ಆಸ್ತಿ ಇದೆ, ಅದರ ಕಾಗದ ಇಂಥ ಕಡೆ ಇದೆ ಎಂಬುದನ್ನು ಪತ್ನಿಗೋ ಮಕ್ಕಳಿಗೋ ತಿಳಿಸಿರಬೇಕು. ಉಯಿಲಿನಲ್ಲಿ ಆಸ್ತಿಯನ್ನು ಹೆಸರಿಸಬೇಕು, ಬೀಜಪದಗಳನ್ನು ಮಾತ್ರ ಅದರಲ್ಲಿ ಬರೆಯಬಾರದು.

ಮೋಸ ನಡೆದುದು ತಿಳಿದೊಡನೆ, ಉಳಿದಿರುವುದನ್ನು ಹೊಸ ಬೀಜಪದಗಳ ಬೇರೊಂದು ವಾಲೆಟ್ಟಿಗೆ ಸಾಗಿಸಿ, 1930 ಸಂಖ್ಯೆಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ವ್ಯವಹಾರದ ಗುರುತು ಸಂಖ್ಯೆಯ ಸಮೇತ ದೂರು ದಾಖಲಿಸಬೇಕು. ಕದ್ದ ಹಣ ವಿನಿಮಯ ಕೇಂದ್ರವೊಂದನ್ನು ತಲಪಿದ್ದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಆ ಬಳಿಕ, ಹಣ ವಾಪಸು ಕೊಡಿಸುತ್ತೇವೆ, 12 ಪದಗಳನ್ನು ತಿಳಿಸಿ ಎಂದು ‘ಸಹಾಯವಾಣಿ’ಯ ಹೆಸರಿನಲ್ಲಿ ಬರುವ ಕರೆ ಎರಡನೆಯ ಕಳ್ಳನದು.